ಅರ್ಥಶಾಸ್ತ್ರದ ‘ವಿನಯ’ವೂ ಆರಕ್ಷಕನಾಯಕರ ಶಿಕ್ಷಣವೂ

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಓಲೆಯ ಪ್ರತಿಯನ್ನು ಆಧರಿಸಿ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದೇ ನಗರದಲ್ಲಿ ಇಂದು ಕರ್ನಾಟಕ ಪೊಲೀಸ್ ಅಕಾಡೆಮಿಯಿದೆ. ಉಪಾಧೀಕ್ಷಕರೂ ಉಪನಿರೀಕ್ಷಕರೂ ಆಗತಕ್ಕವರು ಅಲ್ಲಿ ಶಿಕ್ಷಣವನ್ನು ಪಡೆಯುತ್ತಾರೆ. ಗ್ರಂಥಕ್ಕೂ ಈ ಶಿಕ್ಷಣಕ್ಕೂ ನೆರೆಹೊರೆಯಾಗಿರುವುದಕ್ಕಿಂತ ಹೆಚ್ಚಿನ ಸಂಬಂಧವುಂಟೇ ಎಂಬುದನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಕೌಟಿಲ್ಯನೆಂದೊಡನೆ ದಂಡ, ಗೂಢಚಾರ, ಕಪಟೋಪಾಯ ಇವೇ ನಮ್ಮ ಸ್ಮರಣೆಗೆ ಬರುವುವು. ಆದರೆ ಗ್ರಂಥದ ಹದಿನೈದು ಅಧಿಕರಣಗಳಲ್ಲಿ ಮೊದಲನೆಯದರ ಹೆಸರು ‘ವಿನಯಾಧಿಕಾರಿಕ’. ಕನ್ನಡದಲ್ಲಿ ವಿನಯವೆಂದರೆ ನಮ್ರತೆ. ಇಲ್ಲಿ ಅದರ ಅರ್ಥ ಶಿಸ್ತಿನ ಶಿಕ್ಷಣ. ವಿದ್ಯೆಗಳಿಗೆ ದಂಡವು ಮೂಲ, ದಂಡಕ್ಕೆ ವಿನಯವು ಮೂಲ ಎಂಬುದು ಗ್ರಂಥಕಾರನ ಅಭಿಪ್ರಾಯ. ಅಂದರೆ ತಾನು ಶಿಕ್ಷಿತನಾಗದೆ ಇತರರನ್ನು ಶಿಕ್ಷಿಸುವ ಅಧಿಕಾರ ಯಾರಿಗೂ ಇಲ್ಲ. ‘ಶಿಕ್ಷೆ’ ಎಂಬ ಶಬ್ದವೂ ಸಂಸ್ಕೃತದಲ್ಲಿ ಕಲಿಕೆಯನ್ನೇ ಹೇಳುತ್ತಿದ್ದು, ನಮ್ಮ ಭಾಷೆಯಲ್ಲಿ ದಂಡನೆಯಾಗಿ ನಿಂತಿದೆ. ವಿನಯಕ್ಕೆ ಪಾತ್ರನಾಗುವವನಲ್ಲಿರಬೇಕಾದ ಬುದ್ಧಿಗುಣಗಳನ್ನು ಎಣಿಸುವಾಗ ಕೌಟಿಲ್ಯನು ಮೊದಲು ಹೇಳುವುದು ‘ಶುಶ್ರೂಷೆ’ಯನ್ನು. ನಾವು ಇದನ್ನು ರೋಗಿಯ ಆರೈಕೆ ಎಂದು ತಿಳಿಯುತ್ತೇವೆ. ಮೂಲಾರ್ಥವು ‘ಕೇಳಬೇಕೆಂಬ ಇಚ್ಛೆ’. ನಾಯಕನ ಶಿಕ್ಷಣವು ಆಜ್ಞೆಯಿಂದಲ್ಲ, ಕಿವಿಗೊಡುವುದರಿಂದ ಆರಂಭವಾಗುವುದೆಂಬ ಈ ಸೂಕ್ಷ್ಮವನ್ನು ನಾವು ಗಮನಿಸಿದುದು ಕಡಿಮೆ.

ಎರಡನೆಯ ಅಧಿಕರಣದ ಕಡೆಯ ಅಧ್ಯಾಯವು ನಾಗರಿಕನೆಂಬ ನಗರಾಧಿಕಾರಿಯ ಕರ್ತವ್ಯಗಳನ್ನು ವಿಧಿಸುತ್ತದೆ. ರಾತ್ರಿಯ ಸಂಚಾರನಿಷೇಧವನ್ನು ಹೇಳಿದ ಮೇಲೆ ಕೌಟಿಲ್ಯನು ಕಾವಲುಗಾರರ ಕಡೆಗೆ ತಿರುಗುತ್ತಾನೆ. ತಡೆಯಬಾರದವರನ್ನು ತಡೆದ ಕಾವಲುಗಾರನಿಗೂ, ತಡೆಯಬೇಕಾದವರನ್ನು ಬಿಟ್ಟವನಿಗೂ, ಅಕಾಲದಲ್ಲಿ ಸಂಚರಿಸಿದವನಿಗೆ ಹೇಳಿದ ದಂಡದ ಇಮ್ಮಡಿ ದಂಡ. ರಾತ್ರಿ ನಡೆದ ದೋಷವನ್ನು ತಿಳಿಸದ ನಾಗರಿಕನಿಗೂ ದೋಷಾನುಸಾರವಾಗಿ ದಂಡವುಂಟು, ಅಜಾಗರೂಕತೆಯೂ ಕ್ಷಮಾರ್ಹವಲ್ಲ. ನಾಲ್ಕನೆಯ ಅಧಿಕರಣದಲ್ಲಿ, ಸೆರೆಯಲ್ಲಿರುವವನಿಗೆ ಅನ್ನಪಾನಗಳನ್ನು ತಡೆದ ಬಂಧನಾಗಾರಾಧ್ಯಕ್ಷನು 96 ಪಣಗಳನ್ನೂ, ಕೊಂದವನು ಸಾವಿರ ಪಣಗಳನ್ನೂ ತೆರಬೇಕು. ಅಧಿಕಾರವು ಹೆಚ್ಚಿದಷ್ಟೂ ಹೊಣೆಯು ಹೆಚ್ಚುವುದೆಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ.

ಇಷ್ಟರಿಂದ ಗ್ರಂಥವನ್ನು ನಿರ್ದೋಷವೆನ್ನಲಾಗದು. ಅದೇ ಅಧಿಕರಣದಲ್ಲಿ ಶಂಕಿತರಿಗೆ ಯಾತನೆ ಕೊಟ್ಟು ವಿಚಾರಿಸುವುದಕ್ಕೂ ಅನುಮತಿಯಿದೆ. ಕಳ್ಳನಲ್ಲದ ಮಾಂಡವ್ಯನು ನೋವಿಗೆ ಹೆದರಿ ಕಳ್ಳನೆಂದೊಪ್ಪಿಕೊಂಡ ಕಥೆಯನ್ನು ಅಲ್ಲಿಯೇ ಸ್ಮರಿಸಿಯೂ ಗ್ರಂಥಕಾರನು ಯಾತನೆಯನ್ನು ಪೂರ್ತಿಯಾಗಿ ಕೈಬಿಡಲಿಲ್ಲ. ಉದಾಹರಣೆಯು ಸಿದ್ಧಾಂತವನ್ನು ಖಂಡಿಸುತ್ತಿರುವುದು ಅವನಿಗೆ ಕಾಣಲಿಲ್ಲವೊ, ಕಂಡೂ ಸಾಕೆನಿಸಿತೊ! ಬಂಧಿತರ ರಕ್ಷಣೆಗೆ ಭಾರತದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ ವಿಧಿಸಿದ ನಿಯಮಗಳನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ಓದಿಸದಿದ್ದರೆ ಅರ್ಥಶಾಸ್ತ್ರದ ಪಾಠವು ಅಪಾಯಕರವಾದೀತು.

ಇನ್ನೊಂದು ಕೊರತೆಯೂ ಉಂಟು. ಕಾವಲುಗಾರನಿಗೆ ದಂಡವನ್ನು ಹೇಳಿದ ಕೌಟಿಲ್ಯನು ಅವನ ಅಹವಾಲಿಗೆ ಎಡೆಗೊಡಲಿಲ್ಲ. ಹನ್ನೊಂದನೆಯದಾದ ‘ಸಂಘವೃತ್ತ’ದಲ್ಲಿ ಸಂಘಗಳು ಒಲಿಸಿಕೊಳ್ಳಬೇಕಾದ ಅಥವಾ ಒಡೆಯಬೇಕಾದ ಶಕ್ತಿಗಳು ಮಾತ್ರ. ಅವು ಗಣರಾಜ್ಯಗಳೇ ಹೊರತು ಸೇವಕರ ಸಂಘಗಳಲ್ಲವೆಂಬುದು ನಿಜ. ಆದರೂ ಆ ಸಂಶಯದೃಷ್ಟಿಯು ಅಳಿದಿಲ್ಲ. ಪೊಲೀಸರು ಅನುಮತಿಯಿಲ್ಲದೆ ಕಾರ್ಮಿಕಸಂಘಗಳನ್ನೂ ರಾಜಕೀಯ ಸಂಘಗಳನ್ನೂ ಸೇರಬಾರದೆಂದು 1966ರ ಕೇಂದ್ರ ಶಾಸನವು ವಿಧಿಸಿತು; 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಭಾರತೀಯ ಪೊಲೀಸ್ ಸೇವೆಯ ಅಧಿಕಾರಿಗಳಿಗೆ ತಮ್ಮದೊಂದು ಸಂಘವುಂಟು. ಕೆಳಗಿನವರ ದನಿಯು ಕೇಳಬೇಕಾದರೆ, ಕರ್ನಾಟಕದಲ್ಲಿ 2016ರ ಜೂನ್ 4ಕ್ಕೆ ಕೊಟ್ಟಂತಹ ಸಾಮೂಹಿಕ ರಜೆಯ ಕರೆಯವರೆಗೂ ಹೋಗಬೇಕಾಯಿತು. ಶಸ್ತ್ರಧಾರಿಗಳ ಸಂಘಟನೆಗೆ ಮಿತಿ ಬೇಕೆಂಬ ವಾದವು ನಿರಾಧಾರವಲ್ಲ. ಆದರೆ ಸಂಘವನ್ನು ತಡೆದ ಮೇಲೆ ಕೇಳುವ ಹೊಣೆಯು ಪೂರ್ತಿಯಾಗಿ ನಾಯಕನ ಮೇಲೆಯೇ ಬೀಳುವುದಲ್ಲವೆ? ಶುಶ್ರೂಷೆಯ ಮೂಲಾರ್ಥವನ್ನು ನಾವು ಪುನಃ ಕಲಿಯಬೇಕಾದುದು ಇಲ್ಲಿಯೇ.

ಹೆಗ್ಗಡದೇವನಕೋಟೆಯ ಬಳಿ ದಾರಿ ಕವಲೊಡೆಯುವೆಡೆಗೆ ಹ್ಯಾಂಡ್‌ಪೋಸ್ಟ್ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಕೈಮರ. ಕೈಮರವು ದಾರಿಯನ್ನು ತೋರುತ್ತದೆ, ತಾನು ನಡೆಯುವುದಿಲ್ಲ. ಅದಕ್ಕೆ ಕಿವಿಯೂ ಇಲ್ಲ. ಅಕಾಡೆಮಿಯಿಂದ ಹೊರಟ ತರುಣಾಧಿಕಾರಿಯು ಇಂತಹದೊಂದು ಕವಲಿನಲ್ಲಿ ನಿಂತಾಗ, ಯಾರನ್ನು ತಡೆಯಬೇಕು, ಯಾರನ್ನು ತಡೆಯಬಾರದು ಎಂಬ ಪುರಾತನ ಪ್ರಶ್ನೆಯೇ ಅವನಿಗೂ ಎದುರಾಗುವುದು. ತಡೆಯಲ್ಪಟ್ಟವನ ಮಾತನ್ನೂ, ತನ್ನ ಪಕ್ಕದಲ್ಲಿ ಬಿಸಿಲಿನಲ್ಲಿ ನಿಂತ ಪೇದೆಯ ಮಾತನ್ನೂ ಕೇಳಬಲ್ಲವನಾದರೆ ಅವನ ಶಿಕ್ಷಣವು ಸಾರ್ಥಕವಾಯಿತೆನ್ನಬಹುದು. ಅರ್ಥಶಾಸ್ತ್ರವನ್ನು ದಂಡದ ಗ್ರಂಥವೆಂದಲ್ಲದೆ ವಿನಯದ ಗ್ರಂಥವೆಂದು, ಅದರ ದೋಷಗಳನ್ನು ಮುಚ್ಚದೆ ಪಾಠಹೇಳುವುದು ಸಾಹಿತ್ಯದ ಅಧ್ಯಾಪಕರಿಗೂ ಸಂಬಂಧಿಸಿದ ಕೆಲಸವೆಂದು ನಮ್ಮ ನಂಬಿಕೆ.