ಮುಚ್ಚಿಟ್ಟ ಸಂಪುಟಗಳು

ಕವಿಯಾದವನಿಗೆ ತನ್ನ ಮೊದಲ ಸಂಕಲನ ಒಂದು ಬಗೆಯ ಬಡ ನೆಂಟ. ಮದುವೆಮನೆಯಲ್ಲಿ ಹತ್ತು ಜನರ ಮುಂದೆ ಹೆಗಲ ಮೇಲೆ ಕೈಹಾಕಿ, ‘ಏನೋ, ಮರೆತುಬಿಟ್ಟೆಯಾ?’ ಎಂದು ಕೇಳುವ ನೆಂಟ. ಅವನನ್ನು ಹೇಗಾದರೂ ಒಳಕೋಣೆಗೆ ಸಾಗಿಸಿಬಿಟ್ಟರೆ ಸಾಕೆನ್ನಿಸುತ್ತದೆ. ಈ ಸಂಕೋಚ ಇದುವರೆಗೆ ಪುಸ್ತಕ ಬರೆದವರಿಗೆ ಮಾತ್ರ ಮೀಸಲಾಗಿತ್ತು. ಈಗ ಹಾಗಿಲ್ಲ. ಮೊಬೈಲಿನಲ್ಲಿ ಇನ್‌ಸ್ಟಾಗ್ರಾಮ್ ಇರುವವರೆಲ್ಲರೂ ಇಂದು ಸಂಪಾದಕರು, ಪ್ರಕಾಶಕರು, ಅನೇಕ ಸಂಪುಟಗಳನ್ನು ಹೊರತಂದವರು. ಆದುದರಿಂದ ಹಳೆಯ ಸಂಪುಟವನ್ನು ಏನು ಮಾಡಬೇಕೆಂಬ ಕವಿಯ ಕಷ್ಟವೂ ಅವರ ಪಾಲಿಗೆ ಬಂದಿದೆ. ಸಾಹಿತ್ಯದ ಪುಟದಲ್ಲಿ ಇದರ ಮಾತೇಕೆ ಎಂದು ವಾಚಕರು ಕೇಳಬಹುದು. ಆಯ್ದು, ಜೋಡಿಸಿ, ಹೆಸರಿಟ್ಟು, ರಕ್ಷಾಪುಟ ಹಾಕಿ ಲೋಕದ ಮುಂದಿಟ್ಟದ್ದನ್ನು ಕೃತಿ ಎನ್ನದೆ ಮತ್ತೇನೆನ್ನೋಣ? ಕೃತಿಯೆಂದಮೇಲೆ ವಿಮರ್ಶೆ ತಪ್ಪದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ವರ್ತೂರಿನವಳು, ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ವಿನ್ಯಾಸದ ಕೆಲಸದಲ್ಲಿದ್ದಾಳೆ. ವೈಟ್‌ಫೀಲ್ಡಿನ ಕಡೆಯ ನಮ್ಮ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವಳಿಗೆ ಚಿತ್ರ ತೆಗೆಯುವ ಹುಚ್ಚು. ಪದವಿ ಮುಗಿದ ಮೇಲೂ ನಾನು ಅವಳ ಖಾತೆಯನ್ನು ಬಿಡದೆ ನೋಡುತ್ತಿದ್ದೆ. ಅವಳ ಹೆಸರಿನ ಕೆಳಗೆ ಸಾಲಾಗಿ ಏಳೆಂಟು ದುಂಡನೆಯ ಮುದ್ರೆಗಳಿದ್ದವು: ‘ಕಾಲೇಜು’, ‘ಅಜ್ಜಿ’, ‘ಮೊದಲ ಸಂಬಳ’, ‘ಕಂಬಗಳು’, ‘ವರ್ತೂರು’, ಹೀಗೆ. ಒಂದೊಂದೂ ಒಂದೊಂದು ಸಂಪುಟ. ಕಳೆದ ಬೇಸಗೆಯಲ್ಲಿ ಒಂದು ದಿನ ನೋಡುತ್ತೇನೆ, ಆ ಸಾಲು ಪೂರ್ತಿ ಬರಿದಾಗಿದೆ. ಕೆಳಗೆ ನೂರಾರು ಚಿತ್ರಗಳಿದ್ದ ಕಡೆ ಹನ್ನೆರಡೇ ಉಳಿದಿವೆ. ಹನ್ನೆರಡೂ ಹಾಲಿನಲ್ಲಿ ಅದ್ದಿ ತೆಗೆದ ರಸ್ಕಿನ ಬಣ್ಣದವು. ಏನಾದರೂ ಆಪತ್ತೋ ಎಂದು ಹೆದರಿ ಫೋನ್ ಮಾಡಿದೆ. ‘ಏನಿಲ್ಲ ಸರ್,’ ಎಂದು ನಕ್ಕಳು. ‘ಹಳೇದೆಲ್ಲ ಆರ್ಕೈವ್ ಮಾಡಿಬಿಟ್ಟೆ. ಗ್ರಿಡ್‌ಗೆ ಹೊಂದುತ್ತಿರಲಿಲ್ಲ.’

ಈ ಕೊನೆಯ ಮಾತು ನನ್ನನ್ನು ಅನೇಕ ದಿನ ಬಿಡಲಿಲ್ಲ.

ಅದರ ಅರ್ಥ ತಿಳಿಯಬೇಕಾದರೆ ಯಂತ್ರದ ನಡೆಯನ್ನು ಸ್ವಲ್ಪ ತಿಳಿದಿರಬೇಕು. 2010ರಲ್ಲಿ ಆರಂಭವಾದ ಈ ಮಾಧ್ಯಮ 2016ರಲ್ಲಿ ‘ಸ್ಟೋರಿ’ ಎಂಬುದನ್ನು ತಂದಿತು. ಇಪ್ಪತ್ತನಾಲ್ಕು ಗಂಟೆ ಮಾತ್ರ ಬಾಳುವ ಚಿತ್ರ ಅದು. ದಿನದಲ್ಲೇ ಸಾಯುವುದು ಜನಕ್ಕೆ ಒಗ್ಗಲಿಲ್ಲವೆಂದು ತೋರುತ್ತದೆ. 2017ರ ಡಿಸೆಂಬರಿನಲ್ಲಿ, ಸತ್ತ ಸ್ಟೋರಿಗಳನ್ನು ಒಂದು ಉಗ್ರಾಣದಲ್ಲಿ ಇಡುವ, ಅವುಗಳಲ್ಲಿ ಬೇಕಾದುವನ್ನು ಆರಿಸಿ ‘ಹೈಲೈಟ್ಸ್’ ಎಂಬ ಸಂಪುಟವಾಗಿ ಕಟ್ಟುವ ವ್ಯವಸ್ಥೆ ಬಂತು. ಅದೇ ವರ್ಷ, ಹಾಕಿದ ಚಿತ್ರವನ್ನು ಅಳಿಸದೆ ಮರೆಮಾಡುವ ‘ಆರ್ಕೈವ್’ ಕೂಡ ಬಂದಿತ್ತು. ಅಳಿಸುವುದು ಬೇರೆ, ಮರೆಮಾಡುವುದು ಬೇರೆ. ಅಳಿಸಿದ ಚಿತ್ರ ಮೂವತ್ತು ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಹೋಗಿಬಿಡುತ್ತದೆ. ಮರೆಮಾಡಿದ ಚಿತ್ರ ಒಡೆಯನ ಕಣ್ಣಿಗೆ ಮಾತ್ರ ಕಾಣುತ್ತ ಎಷ್ಟು ವರ್ಷ ಬೇಕಾದರೂ ಇರುತ್ತದೆ. ಹೊರತಂದರೆ ತನ್ನ ಹಳೆಯ ತಾರೀಖಿನ ಜಾಗದಲ್ಲೇ, ಜನ ಬರೆದ ಮಾತುಗಳೊಡನೆ ಬಂದು ಕೂರುತ್ತದೆ. ಸಂಪುಟವನ್ನು ತೆಗೆದರೂ ಅದರೊಳಗಿನ ಹಾಳೆಗಳು ಉಗ್ರಾಣದಲ್ಲಿ ಉಳಿಯುತ್ತವೆ. ನಮ್ಮ ಮನೆಗಳ ಅಟ್ಟಕ್ಕೆ ಇದಕ್ಕಿಂತ ಹತ್ತಿರದ ಉಪಮಾನ ಸಿಗದು. ಅಟ್ಟಕ್ಕೆ ಹಾಕಿದ್ದು ಸುಟ್ಟದ್ದಲ್ಲ, ನಿಜ. ಆದರೆ ಅಟ್ಟದಿಂದ ಇಳಿದು ಬಂದ ಸಾಮಾನನ್ನು ಎಷ್ಟು ಜನ ಕಂಡಿದ್ದಾರೆ?

ಅವಳು ಅಟ್ಟಕ್ಕೆ ಹಾಕಿದ ‘ವರ್ತೂರು’ ಸಂಪುಟದ ಮಾತು ಹೇಳುತ್ತೇನೆ. ಬೆಳ್ಳಂದೂರು ಕೆರೆಯ ನೀರು ಹರಿದು ವರ್ತೂರು ಕೆರೆಗೆ ಸೇರಿ, ಅಲ್ಲಿಂದ ಕೋಡಿಬಿದ್ದು ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆಂಬುದನ್ನು ಆ ಕಡೆಯವರೆಲ್ಲ ಬಲ್ಲರು. ನಗರದ ಕೊಳಚೆಯೂ ಸಾಬೂನಿನ ನೀರೂ ಆ ದಾರಿಯಲ್ಲೇ ಬಂದು, ಕೋಡಿಯಲ್ಲಿ ಧುಮುಕುವಾಗ ನೊರೆಯೆದ್ದು ರಸ್ತೆಗೆ ಹಾರುತ್ತಿದ್ದುದನ್ನು 2015ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಅಚ್ಚುಹಾಕಿದುವು. ಬೆಳ್ಳಂದೂರು ಕೆರೆ 2018ರ ಜನವರಿ 19ರಂದು ಹೊತ್ತಿ ಉರಿದಾಗ ಬೆಂಕಿ ಆರಿಸಲು ಸೈನಿಕರೂ ಬರಬೇಕಾಯಿತು. ಅವಳ ಸಂಪುಟದ ಮೊದಲ ಹಾಳೆ ಆ ದಿನದ್ದು: ಮನೆಯ ತಾರಸಿ, ಒಗೆದು ಹರವಿದ ಸೀರೆ, ಅದರ ಹಿಂದೆ ದೂರದಲ್ಲಿ ಹೊಗೆ. ಆಮೇಲಿನ ಹಾಳೆಗಳಲ್ಲಿ ನೊರೆ. ಆದರೆ ಪತ್ರಿಕೆಗಳ ನೊರೆಯಲ್ಲ. ನೊರೆ ತಡೆಯಲು ಕೋಡಿಯ ಬಳಿ ಕಟ್ಟಿದ ಬಲೆ. ಬಲೆಯನ್ನು ದಾಟಿ ಬಂದ ಒಂದು ತುಣುಕು ಹೂ ಮಾರುವವಳ ಬುಟ್ಟಿಯ ಅಂಚಿನಲ್ಲಿ ಕೂತಿರುವುದು. ಅವಳ ತಂದೆ ಸ್ಕೂಟರ್ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳುತ್ತಿರುವುದು. ಬೆಳಕು ಸರಿಯಿಲ್ಲ, ಕೆಲವು ಚಿತ್ರ ಅಲುಗಿವೆ. ಪತ್ರಿಕೆಯ ಛಾಯಾಗ್ರಾಹಕ ದೃಶ್ಯವನ್ನು ಹುಡುಕಿಕೊಂಡು ಬಂದವನು. ಇವಳು ಅದರ ವಾಸನೆಯಲ್ಲಿ ಪರೀಕ್ಷೆಗೆ ಓದಿದವಳು. ಆ ವ್ಯತ್ಯಾಸ ಪ್ರತಿಯೊಂದು ಚಿತ್ರದಲ್ಲೂ ಇತ್ತು. ನನ್ನ ಮಟ್ಟಿಗೆ ಅವಳ ಖಾತೆಯಲ್ಲಿ ಕೃತಿ ಎನ್ನಬಹುದಾದದ್ದು ಅದೊಂದೇ. ‘ಕಂಬಗಳು’ ಎಂಬುದೂ ಕೆಟ್ಟದ್ದೇನಲ್ಲ. ವೈಟ್‌ಫೀಲ್ಡ್ ರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದ ಬಗೆಯನ್ನು, 2023ರ ಮಾರ್ಚಿನಲ್ಲಿ ರೈಲು ಓಡುವವರೆಗೂ, ಒಂದೇ ಟೀ ಅಂಗಡಿಯ ಮುಂದೆ ನಿಂತು ತೆಗೆದದ್ದು. ಕೊನೆಗೆ ರೈಲು ಬಂತು, ಟೀ ಅಂಗಡಿ ಇರಲಿಲ್ಲ.

ಕೃತಿಕಾರ ತನ್ನ ಕೃತಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಕವಿ ಆಡೆನ್ 1966ರಲ್ಲಿ ತನ್ನ ಕಿರುಕವಿತೆಗಳ ಸಂಗ್ರಹವನ್ನು ಹೊರತರುವಾಗ, ಸ್ಪೇನ್ ಯುದ್ಧವನ್ನು ಕುರಿತದ್ದನ್ನೂ 1939ರ ಸೆಪ್ಟೆಂಬರ್ ಒಂದರ ಕವಿತೆಯನ್ನೂ ಕೈಬಿಟ್ಟ. ಓದುಗರು ತುಂಬ ಮೆಚ್ಚಿದ ಕವಿತೆಗಳು ಅವು. ಆದರೆ ಅವನಿಗೆ ಅವುಗಳಲ್ಲಿ ಸುಳ್ಳು ಕಂಡಿತ್ತು. ಈ ನಿರ್ಧಾರವನ್ನು ಒಪ್ಪದವರೂ ಗೌರವಿಸಬೇಕು. ಅದರ ಹಿಂದೆ ಇದ್ದದ್ದು ಸತ್ಯದ ಪ್ರಶ್ನೆ, ಬಣ್ಣದ ಹೊಂದಾಣಿಕೆಯಲ್ಲ. ನಮ್ಮಲ್ಲಿ ಅಡಿಗರು ನಡೆದ ರೀತಿ ಬೇರೆ. ‘ಚಂಡೆಮದ್ದಳೆ’ 1954ರಲ್ಲಿ ಬಂದಾಗ ಅವರ ಹಿಂದಿನ ಧಾಟಿ ಬಹುಮಟ್ಟಿಗೆ ಕಳಚಿಬಿದ್ದಿತ್ತು. 1946ರ ‘ಭಾವತರಂಗ’ ಅವರ ಹೊಸ ಕಾವ್ಯಕ್ಕೆ ಖಂಡಿತ ಹೊಂದುತ್ತಿರಲಿಲ್ಲ. ಆದರೂ ಅವರ ಸಮಗ್ರ ಕಾವ್ಯವನ್ನು ತೆರೆದವನಿಗೆ ‘ಭಾವತರಂಗ’ ಅಲ್ಲೇ ಇದೆ, ‘ನಡೆದು ಬಂದ ದಾರಿ’ ಎಂಬ ಹೆಸರಿನ ಸಂಕಲನವೂ ಇದೆ. ಚಂಡೆಯ ಪೆಟ್ಟು ಎಷ್ಟು ಗಟ್ಟಿಯೆಂದು ತಿಳಿಯುವುದು ಅದಕ್ಕೆ ಮುಂಚಿನ ಇಂಪನ್ನು ಕೇಳಿದವನಿಗೆ. ಕುವೆಂಪು 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಕದಿಂದ ಆರಂಭಿಸಿ, ಜೇಮ್ಸ್ ಕಸಿನ್ಸ್ ಹೇಳಿದ ಬುದ್ಧಿಮಾತಿನಿಂದ ಕನ್ನಡಕ್ಕೆ ತಿರುಗಿದ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯನ್ನು ನಮಗೆ ಹೇಳಿದವರು ಅವರೇ ಎಂಬುದನ್ನು ಮಾತ್ರ ನಾವು ಗಮನಿಸುವುದಿಲ್ಲ. ಮುಚ್ಚಿಟ್ಟಿದ್ದರೆ ಕೇಳುವವರು ಯಾರಿದ್ದರು?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕವಿತೆಯ ಮಾತು ಬೇರೆ, ಹೆಣ್ಣುಮಗಳ ಚಿತ್ರದ ಮಾತು ಬೇರೆ. ಮುರಿದ ಸ್ನೇಹ, ತಪ್ಪಿದ ಮದುವೆ, ಹಿಂಬಾಲಿಸುವ ಕಣ್ಣುಗಳು ಇವೆಲ್ಲ ಇರುವಲ್ಲಿ ಮರೆಮಾಡುವುದು ರುಚಿಯ ಪ್ರಶ್ನೆಯೇ ಅಲ್ಲ, ಬಾಗಿಲಿಗೆ ಅಗಳಿ ಹಾಕಿಕೊಳ್ಳುವ ಪ್ರಶ್ನೆ. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೇ 2017ರ ಜನವರಿಯಲ್ಲಿ ಇಂಥದೊಂದು ಅರ್ಜಿಯನ್ನು ಮನ್ನಿಸಿತು. ಹಳೆಯದೊಂದು ಮೊಕದ್ದಮೆಯಲ್ಲಿ ಬಂದ ಮಗಳ ಹೆಸರು ಅಂತರ್ಜಾಲದಲ್ಲಿ ಹುಡುಕಿದವರಿಗೆಲ್ಲ ಸಿಗುವಂತಾಗಬಾರದೆಂದು ತಂದೆ ಕೇಳಿದ್ದರು. ಹುಡುಕಾಟದಲ್ಲಿ ಆ ಹೆಸರು ಕಾಣದಂತೆ ನೋಡಿಕೊಳ್ಳಬೇಕೆಂದು ನ್ಯಾಯಾಲಯ ಹೇಳಿತು. ಆದರೆ ಆದೇಶದ ದೃಢೀಕೃತ ನಕಲಿನಲ್ಲಿ ಹೆಸರು ಇದ್ದೇ ಇರುತ್ತದೆಂದೂ ಹೇಳಿತು. ಬೀದಿಯ ಕಣ್ಣಿಗೆ ಮರೆ, ದಾಖಲೆಗೆ ಊನವಿಲ್ಲ. ಇಷ್ಟು ನವಿರಾದ ಸಂಪಾದನಕಾರ್ಯವನ್ನು ನಾನು ಸಾಹಿತ್ಯದಲ್ಲಿಯೂ ಹೆಚ್ಚಾಗಿ ಕಂಡಿಲ್ಲ. ಆಮೇಲೆ 2023ರ ವೈಯಕ್ತಿಕ ದತ್ತಾಂಶದ ಕಾಯಿದೆ ಅಳಿಸುವಂತೆ ಕೇಳುವ ಹಕ್ಕನ್ನೂ ಕೊಟ್ಟಿದೆ. ನೋವಿನಿಂದ, ಭಯದಿಂದ ಮುಚ್ಚಿದ್ದನ್ನು ಯಾವ ವಿಮರ್ಶಕನೂ ತೆರೆ ಎನ್ನಕೂಡದು.

ನನ್ನ ಶಿಷ್ಯೆಯದು ನೋವೂ ಅಲ್ಲ, ಭಯವೂ ಅಲ್ಲ. ಕೆಲಸ ಬದಲಿಸಬೇಕೆಂದಿದ್ದಳು. ಸಂದರ್ಶನ ಮಾಡುವವರು ಖಾತೆಯನ್ನು ನೋಡುತ್ತಾರಂತೆ; ಒಂದೇ ಬಣ್ಣ, ಒಂದೇ ಹದ ಇದ್ದರೆ ‘ವೃತ್ತಿಪರ’ ಎನ್ನಿಸುತ್ತದಂತೆ. ಅನ್ನದ ಪ್ರಶ್ನೆಯನ್ನು ಹಗುರಮಾಡುವ ಹಕ್ಕು ತಿಂಗಳ ಸಂಬಳದ ಅಧ್ಯಾಪಕನಿಗಿಲ್ಲ. ಆದರೆ ಆ ರುಚಿಯನ್ನು ವಿಮರ್ಶಿಸುವ ಹಕ್ಕಿದೆ. ಹೊರವಲಯದ ನಮ್ಮ ರಸ್ತೆಗಳಲ್ಲಿ ಸಾಲಾಗಿ ನಿಂತಿರುವ ಗಾಜಿನ ಕಟ್ಟಡಗಳನ್ನು ನೋಡಿ. ಎದುರಿಗಿರುವ ಗುಂಡಿ, ಎಳನೀರಿನ ಗಾಡಿ, ಆಕಾಶ ಎಲ್ಲವನ್ನೂ ಒಂದೇ ನೀಲಿಯಲ್ಲಿ ತೋರಿಸುತ್ತವೆ. ಒಳಗೆ ಏನಿದೆಯೆಂಬುದನ್ನು ತೋರಿಸುವುದಿಲ್ಲ. ಹನ್ನೆರಡು ಚಿತ್ರಗಳ ಆ ಖಾತೆಯೂ ಹಾಗೆಯೇ ಆಗಿತ್ತು. ಕಾಫಿ ಲೋಟ, ಕಿಟಕಿ, ಲಿನನ್ ಬಟ್ಟೆಯ ಮಡಿಕೆ. ಎಲ್ಲ ನಿರ್ದುಷ್ಟ. ಅದು ವರ್ತೂರಿನವಳದೋ ವಾರ್ಸಾದವಳದೋ ಹೇಳುವಂತಿಲ್ಲ. ನಮ್ಮ ಲಾಕ್ಷಣಿಕರು ದೋಷಗಳ ಪಟ್ಟಿ ಕೊಟ್ಟವರೇ. ಆದರೆ ದೋಷವಿಲ್ಲದಿರುವುದೇ ಕಾವ್ಯವೆಂದು ಒಪ್ಪಿ ಸುಮ್ಮನಾಗಲಿಲ್ಲ. ಇನ್ನೊಂದು ವಿನೋದ: ಚಚ್ಚೌಕವಾಗಿದ್ದ ಮನೆಗಳನ್ನು 2025ರ ಜನವರಿಯಲ್ಲಿ ಕಂಪನಿ ಉದ್ದನೆಯವಾಗಿ ಮಾಡಿತು, ಅಂಗುಲ ಅಂಗುಲ ಅಳೆದು ಜೋಡಿಸಿದ್ದವರ ಪುಟವೆಲ್ಲ ಒಂದೇ ರಾತ್ರಿಯಲ್ಲಿ ಅಂಚು ಕತ್ತರಿಸಿಹೋಯಿತು. ಯಾವ ಚೌಕಟ್ಟಿಗೆ ಹೊಂದಲೆಂದು ಹಳೆಯದನ್ನು ಅಟ್ಟಕ್ಕೆ ಹಾಕಿದರೋ ಆ ಚೌಕಟ್ಟೇ ಅವರದಾಗಿರಲಿಲ್ಲ.

ನನ್ನದೂ ಒಂದು ಪಾಪವಿದೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಂದು ಪ್ರೇಮಕವಿತೆಗಳ ಸಂಕಲನ ಅಚ್ಚು ಮಾಡಿಸಿದ್ದೆ. ಕಾಲೇಜಿಗೆ ಕೊಡುವ ಸ್ವವಿವರದಲ್ಲಿ ಅದರ ಹೆಸರು ಹಾಕುವುದನ್ನು ಬಹಳ ವರ್ಷದ ಹಿಂದೆಯೇ ನಿಲ್ಲಿಸಿದೆ. ಉಳಿದ ಪ್ರತಿಗಳು ಅಕ್ಷರಶಃ ಅಟ್ಟದ ಮೇಲಿವೆ. ಆದರೆ ಕೆಲವು ವರ್ಷಗಳ ಕೆಳಗೆ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಅದು ನನ್ನ ಕೈಗೇ ಸಿಕ್ಕಿತು. ಯಾರೋ ಒಂದು ಪದ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ‘ಸುಳ್ಳು’ ಎಂದು ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಅಲ್ಲ’ ಎಂದಿತ್ತು. ಪುಸ್ತಕವನ್ನು ಅದರ ಜಾಗದಲ್ಲೇ ಇಟ್ಟು ಬಂದೆ. ಆ ಜಗಳ ನನ್ನದಲ್ಲ. ಅದನ್ನು ಎತ್ತಿಕೊಂಡು ಬರುವ ಅಧಿಕಾರವೂ ನನ್ನದಲ್ಲ.

ಅಚ್ಚಿನ ಪುಸ್ತಕಕ್ಕೂ ಈ ಖಾತೆಗೂ ಇರುವ ಮುಖ್ಯ ಭೇದ ಇದೇ ಎಂದು ನನಗೆ ತೋರುತ್ತದೆ. ಆಡೆನ್ ಬಿಟ್ಟ ಕವಿತೆಗಳನ್ನು ಓದುಗರು ಹಳೆಯ ಪ್ರತಿಗಳಿಂದ ಓದುತ್ತಲೇ ಹೋದರು. ಓಲೆಗರಿಯ ಕಾಲದಲ್ಲೂ ಒಂದು ಮಠದ ಪ್ರತಿ ಗೆದ್ದಲು ತಿಂದರೆ ಇನ್ನೊಂದು ಬಸದಿಯಲ್ಲಿ ಮತ್ತೊಂದು ಇರಬಹುದಿತ್ತು. ಎಲ್ಲ ಪ್ರತಿಗಳೂ ಹೋದಾಗ ಏನಾಗುತ್ತದೆಂಬುದನ್ನು ರನ್ನನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳ ಹೆಸರು ಮಾತ್ರ ಕಲಿಸಬೇಕಾದ ನಮ್ಮಂಥ ಅಧ್ಯಾಪಕರು ಬಲ್ಲೆವು. ಖಾತೆಯಲ್ಲಿ ಇರುವುದು ಒಂದೇ ಪ್ರತಿ, ಬೀಗದ ಕೈ ಒಬ್ಬರದೇ. ಮುಚ್ಚಿದರೆ ಓದುಗನ ಪಾಲೂ ಅದರೊಳಗೆ ಹೋಗುತ್ತದೆ. ತಂದೆ ಕನ್ನಡಕ ಒರೆಸಿಕೊಳ್ಳುವ ಚಿತ್ರವನ್ನು ಅವಳು ಬೇರೆಯಾಗಿಯೂ ಹಾಕಿದ್ದಳು. ಅದರ ಕೆಳಗೆ ಊರಿನವರು ಐವತ್ತಕ್ಕೂ ಹೆಚ್ಚು ಮಾತು ಬರೆದಿದ್ದರು. ಕೆರೆಯಲ್ಲಿ ಈಜು ಕಲಿತದ್ದನ್ನು ಒಬ್ಬರು, ಕೋಡಿಬಿದ್ದಾಗ ಬಾಗಿನ ಕೊಟ್ಟದ್ದನ್ನು ಇನ್ನೊಬ್ಬರು. ‘ನಮ್ಮಪ್ಪನೂ ಹೀಗೇ ನಿಲ್ಲುತ್ತಿದ್ದರು’ ಎಂದು ಒಬ್ಬ ಹುಡುಗ. ಆ ಊರಿನ ಕೆರೆಯ ಚರಿತ್ರೆ ಬರೆಯಹೊರಟವನಿಗೆ ಇಷ್ಟು ಒಂದೇ ಕಡೆ ಮತ್ತೆಲ್ಲಿ ಸಿಕ್ಕೀತು?

ಇದನ್ನೆಲ್ಲ ಅವಳಿಗೆ ಫೋನಿನಲ್ಲಿ ಇಷ್ಟುದ್ದ ಹೇಳಲಿಲ್ಲ. ‘ಏನಮ್ಮ, ಆ ಹುಡುಗ ಬರೆದದ್ದು ನಿನ್ನದೇನು?’ ಎಂದು ಮಾತ್ರ ಕೇಳಿದೆ. ‘ಯಾವ ಹುಡುಗ ಸರ್?’ ಎಂದಳು. ಅವಳು ಮರೆತಿದ್ದಳು. ಹುಡುಕಿ ನೋಡುತ್ತೇನೆ ಎಂದಳು.

ಹೊಸ ಕೆಲಸ ಅವಳಿಗೆ ಸಿಕ್ಕಿತು. ಕಳೆದ ತಿಂಗಳು ನೋಡಿದಾಗ ಹೆಸರಿನ ಕೆಳಗಿನ ಬರಿದಾದ ಜಾಗದಲ್ಲಿ ಒಂದೇ ಒಂದು ದುಂಡನೆಯ ಮುದ್ರೆ ಮರಳಿ ಬಂದಿತ್ತು. ಒತ್ತಿದೆ. ಹೊಗೆ, ಬಲೆ, ಹೂವಿನ ಬುಟ್ಟಿ, ಸ್ಕೂಟರು, ಎಲ್ಲ ಇದ್ದವು, ಅಲುಗಿದವೂ ಇದ್ದವು. ತಂದೆಯ ಚಿತ್ರವೂ ಕೆಳಗೆ ತನ್ನ ತಾರೀಖಿನ ಜಾಗಕ್ಕೆ ಬಂದು ಕೂತಿತ್ತು, ಐವತ್ತು ಮಾತುಗಳೊಡನೆ. ಮೇಲಿನ ಮುದ್ರೆಯ ರಕ್ಷಾಪುಟ ಮಾತ್ರ ರಸ್ಕಿನ ಬಣ್ಣದ್ದು. ‘ವರ್ತೂರು’ ಎಂದಿದ್ದ ಕಡೆ ಹೆಸರಿರಲಿಲ್ಲ, ಒಂದು ಚುಕ್ಕೆ ಇತ್ತು.