ಆಟಗಾರನಾ, ಆಟದ ಪ್ಲಾನಾ?

ಅಮೆರಿಕನ್ ಫುಟ್‌ಬಾಲ್ ವರದಿಗಾರರಿಗೆ ಅಭಿಮಾನಿಗಳು ಬರೆಯೋ ಪ್ರಶ್ನೆಗಳನ್ನು ಒಂದು ಸೀಸನ್ ಪೂರ್ತಿ ಓದಿ ನೋಡಿ. ಸಾವಿರಾರು ಪ್ರಶ್ನೆ ಇದ್ದ ಹಾಗೆ ಕಾಣುತ್ತೆ, ಸೋಸಿದರೆ ಉಳಿಯೋದು ಎರಡೇ. ಒಂದು, ‘ಆ ಹುಡುಗನ್ನ ಯಾಕೆ ಆಡಿಸ್ತಿಲ್ಲ?’ ಇನ್ನೊಂದು, ‘ಅಂಥ ಹೊತ್ತಲ್ಲಿ ಅಂಥ ಪ್ಲೇ ಯಾಕೆ?’ ಮಿಕ್ಕಿದ್ದೆಲ್ಲ ಇವೆರಡರ ಮರಿಗಳು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಕೈಲಿರೋ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. ಪ್ರತಿ ಡೌನಿಗೂ ಆಟ ನಿಲ್ಲುತ್ತೆ, ಕೋಚ್ ಒಂದು ಪ್ಲೇ ಕಳಿಸ್ತಾನೆ, ಕ್ವಾರ್ಟರ್‌ಬ್ಯಾಕ್ ಅದನ್ನು ಎಲ್ಲರಿಗೂ ಹೇಳ್ತಾನೆ, ಆಮೇಲೆ ಕೆಲವೇ ಸೆಕೆಂಡ್ ರಣರಂಗ. ಮತ್ತೆ ನಿಲ್ಲುತ್ತೆ. ಅಂದರೆ ಪ್ರತಿ ನಲವತ್ತು ಸೆಕೆಂಡಿಗೊಮ್ಮೆ ನೋಡುಗನಿಗೆ ‘ನಾನಾಗಿದ್ರೆ ಹಿಂಗ್ ಮಾಡ್ತಿರಲಿಲ್ಲ’ ಅನ್ನಲು ಬಿಡುವು ಸಿಗುತ್ತೆ. ಪ್ರಶ್ನೆ ಹುಟ್ಟೋದಕ್ಕೆ ಇದಕ್ಕಿಂತ ಒಳ್ಳೆ ಆಟ ಇನ್ನೊಂದಿಲ್ಲ.

ನಾನು ಗಮನಿಸ್ತಾ ಬಂದಿರೋದು ಗ್ರೀನ್ ಬೇ ಪ್ಯಾಕರ್ಸ್ ತಂಡದ್ದೇ ಪ್ರಶ್ನೋತ್ತರ ಅಂಕಣವನ್ನು. ವಿಸ್ಕಾನ್ಸಿನ್‌ನ ಗ್ರೀನ್ ಬೇ ಲಕ್ಷ ಚಿಲ್ಲರೆ ಜನರ ಸಣ್ಣ ಊರು. ಎನ್‌ಎಫ್‌ಎಲ್‌ನಲ್ಲಿ ಒಬ್ಬ ಧಣಿ ಇಲ್ಲದ ತಂಡ ಇದೊಂದೇ. ಷೇರು ಅಭಿಮಾನಿಗಳ ಕೈಲಿದೆ, ಐದು ಲಕ್ಷಕ್ಕೂ ಹೆಚ್ಚು ಜನ. 2021ರ ಕೊನೆಗೆ ಮತ್ತೆ ಮಾರಾಟಕ್ಕಿಟ್ಟಾಗ ಒಂದು ಷೇರಿಗೆ 300 ಡಾಲರ್. ಡಿವಿಡೆಂಡ್ ಇಲ್ಲ, ಲಾಭಕ್ಕೆ ಮಾರೋ ಹಾಗಿಲ್ಲ, ಗೋಡೆಗೆ ತೂಗುಹಾಕಲು ಒಂದು ಸರ್ಟಿಫಿಕೇಟ್, ಅಷ್ಟೇ. ನಮ್ಮ ಕಂಪನಿಗಳು ಕೊಡೋ ಸ್ಟಾಕ್ ಆಪ್ಷನ್ನಿಗೂ ಇದಕ್ಕಿಂತ ಮರ್ಯಾದೆ ಇರುತ್ತೆ ಬಿಡಿ. ಆದರೂ ಕಾಗದದ ಮೇಲೆ ಇವರು ಮಾಲೀಕರು. ಮಾಲೀಕ ಕೇಳೋ ಪ್ರಶ್ನೆಗೆ ಉತ್ತರ ಕೊಡೋನು ತಂಡದಿಂದಲೇ ಸಂಬಳ ತಗೊಳ್ಳೋ ವರದಿಗಾರ. ಅಂಕಣದ ಸ್ವಾರಸ್ಯವೂ ಅಲ್ಲೇ ಇದೆ, ತೊಂದರೆಯೂ ಅಲ್ಲೇ ಇದೆ.

ಈ ಅಂಕಣಕ್ಕೆ ಒಂದು ಗತ್ತು ತಂದುಕೊಟ್ಟವರು ವಿಕ್ ಕೆಚ್‌ಮನ್. ಜ್ಯಾಕ್ಸನ್‌ವಿಲ್ ಜ್ಯಾಗ್ವಾರ್ಸ್ ತಂಡದಲ್ಲಿ ‘ಆಸ್ಕ್ ವಿಕ್’ ಶುರುಮಾಡಿ, 2011ರಲ್ಲಿ ಗ್ರೀನ್ ಬೇಗೆ ಬಂದರು, 2016ರಲ್ಲಿ ನಿವೃತ್ತರಾದರು. ಯಾರಿಗೂ ಜೀ ಹುಜೂರ್ ಅನ್ನುವ ಗಿರಾಕಿ ಅಲ್ಲ. ಉದ್ದುದ್ದ ಪತ್ರಕ್ಕೆ ನಾಲ್ಕು ಪದದ ಉತ್ತರ ಕೊಡೋರು, ಕೆಲವು ಸಲ ಬರೆದವನ ಕಿವಿ ಹಿಂಡೋರು. ಅವರ ಸಿದ್ಧಾಂತ ಒಂದೇ: ಆಟಗಾರರು ಮುಖ್ಯ, ಪ್ಲೇಗಳಲ್ಲ. ‘ಮೂರನೇ ಡೌನಲ್ಲಿ ಓಡಿದ್ದು ಯಾಕೆ?’ ಅಂತ ಕೇಳಿದರೆ, ಬ್ಲಾಕ್ ಸರಿಯಾಗಿ ಮಾಡಿದ್ದರೆ ಅದೇ ಪ್ಲೇಯನ್ನು ನೀನು ಹೊಗಳ್ತಿದ್ದೆ ಅನ್ನೋ ಧಾಟಿ.

ಈ ಮಾತಲ್ಲಿ ಸತ್ಯ ಇಲ್ಲ ಅಂತ ಹೇಳೋಕಾಗಲ್ಲ. ಫಲಿತಾಂಶ ನೋಡಿ ಪ್ಲೇಗೆ ಮಾರ್ಕ್ಸ್ ಹಾಕೋ ಚಟ ಎಲ್ಲ ಅಭಿಮಾನಿಗಳಿಗೂ ಇದೆ, ಅದಕ್ಕೆ ಇಂಥ ಮದ್ದು ಬೇಕಿತ್ತು. ಆದರೆ ಮದ್ದನ್ನೇ ಊಟ ಮಾಡಿಕೊಂಡರೆ ಏನಾಗುತ್ತೆ? ಕೋಚನ್ನು ಪ್ರಶ್ನಿಸುವ ಬಾಗಿಲು ಮುಚ್ಚುತ್ತೆ. ಸೋತಾಗೆಲ್ಲ ಹುಡುಗರು ಸರಿಯಾಗಿ ಆಡಲಿಲ್ಲ, ಯೋಜನೆ ಮಾಡಿದವರು ಬಚಾವ್. ಆಫೀಸಲ್ಲಿ ರಿಲೀಸ್ ಕೆಟ್ಟಾಗ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಸಿದ್ಧಾಂತಕ್ಕೆ ಈ ಆಟದ ಚರಿತ್ರೆಯೇ ಉತ್ತರ ಕೊಟ್ಟಿದೆ. 1970ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಗ್ರೆಗ್ ಕುಕ್ ಭುಜದ ಗಾಯದಿಂದ ಹೊರಗುಳಿದ. ಅವನ ತೋಳಲ್ಲಿ ಫಿರಂಗಿ ಇತ್ತು. ಅವನ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್‌ಗೆ ಅಷ್ಟು ದೂರ ಎಸೆಯುವ ಶಕ್ತಿ ಇರಲಿಲ್ಲ. ಆಗ ಅಲ್ಲಿ ಸಹಾಯಕ ಕೋಚ್ ಆಗಿದ್ದ ಬಿಲ್ ವಾಲ್ಷ್, ಇರೋ ತೋಳಿಗೆ ತಕ್ಕ ಹಾಗೆ ಆಟವನ್ನೇ ಬದಲಿಸಿದ. ಚಿಕ್ಕ ಚಿಕ್ಕ ಪಾಸ್, ಅಡ್ಡಡ್ಡ ಓಡೋ ರಿಸೀವರ್‌ಗಳು, ಲೆಕ್ಕ ಹಾಕಿದ ಹೆಜ್ಜೆ. ಮುಂದೆ ಇದಕ್ಕೆ ವೆಸ್ಟ್ ಕೋಸ್ಟ್ ಅಫೆನ್ಸ್ ಅಂತ ಹೆಸರಾಯ್ತು. 1971ರಲ್ಲಿ ಎಸೆದ ಪಾಸುಗಳಲ್ಲಿ ಗುರಿ ಮುಟ್ಟಿದ್ದರ ಶೇಕಡಾವಾರಿನಲ್ಲಿ ಇಡೀ ಎನ್‌ಎಫ್‌ಎಲ್‌ಗೆ ಮೊದಲಿಗ ಇದೇ ಕಾರ್ಟರ್. ವಾಲ್ಷ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಮೂರು ಸೂಪರ್ ಬೌಲ್ ಗೆದ್ದ. ಅದೇ ವಿದ್ಯೆಯನ್ನು 1992ರಲ್ಲಿ ಗ್ರೀನ್ ಬೇಗೆ ಹೊತ್ತುತಂದವನು ಮೈಕ್ ಹೋಮ್‌ಗ್ರೆನ್.

ಕಾರ್ಟರ್ ಇನ್ನೊಂದು ಕೆಲಸಾನೂ ಮಾಡಿದ್ದ. ಆಡ್ತಾ ಆಡ್ತಾನೇ ನಾರ್ತ್‌ವೆಸ್ಟರ್ನ್‌ನಲ್ಲಿ ಎಂಬಿಎ ಓದುತ್ತಿದ್ದ ಈ ಪುಣ್ಯಾತ್ಮ, ಪ್ರೊಫೆಸರ್ ರಾಬರ್ಟ್ ಮ್ಯಾಕೋಲ್ ಜೊತೆ 1969ರ ಸೀಸನ್ನಿನ ಎಂಟು ಸಾವಿರಕ್ಕೂ ಹೆಚ್ಚು ಪ್ಲೇಗಳನ್ನು ಕಂಪ್ಯೂಟರಿಗೆ ಉಣಿಸಿದ. ಮೈದಾನದ ಯಾವ ಗಜದಲ್ಲಿ ಚೆಂಡಿದ್ದರೆ ಅದು ಎಷ್ಟು ಪಾಯಿಂಟಿಗೆ ಸಮ ಅನ್ನೋ ಲೆಕ್ಕ 1971ರಲ್ಲಿ ‘ಆಪರೇಷನ್ಸ್ ರಿಸರ್ಚ್’ ಪತ್ರಿಕೆಯಲ್ಲಿ ಅಚ್ಚಾಯ್ತು. ನಮ್ಮದೇ ಗೋಲ್ ಲೈನ್ ಪಕ್ಕದಲ್ಲಿ ಚೆಂಡು ನಮ್ಮ ಕೈಲಿದ್ದರೂ ಅದರ ಬೆಲೆ ಸೊನ್ನೆಗಿಂತ ಕಮ್ಮಿ ಅಂತ ತೋರಿಸಿದ್ದು ಇವರು. ಇವತ್ತು ಲ್ಯಾಪ್‌ಟಾಪ್ ಹಿಡಿದು ವರದಿಗಾರನ ತಲೆ ತಿನ್ನುವ ಅಭಿಮಾನಿಗೆ ಮೂಲಪುರುಷ ಯಾರಪ್ಪಾ ಅಂದರೆ ಒಬ್ಬ ಕ್ವಾರ್ಟರ್‌ಬ್ಯಾಕ್! ಹಾಗಾಗಿ ‘ನೀನೇನು ಮೈದಾನಕ್ಕಿಳಿದು ಆಡಿದ್ದೀಯಾ?’ ಅನ್ನೋ ಮಾತು ಈ ವಾದದಲ್ಲಿ ನಡೆಯಲ್ಲ.

ಗ್ರೀನ್ ಬೇಯದೇ ಉದಾಹರಣೆ ಬೇಕಾ? 2018ರಲ್ಲಿ ಕೋಚ್ ಮೈಕ್ ಮೆಕಾರ್ಥಿ ಕೈಕೆಳಗೆ, ಆರನ್ ರಾಜರ್ಸ್ ಅನ್ನೋ ಅಪ್ರತಿಮ ಕ್ವಾರ್ಟರ್‌ಬ್ಯಾಕ್ ಇದ್ದೂ ತಂಡ ನಾಲ್ಕು ಗೆದ್ದು ಏಳು ಸೋತಿತು, ಒಂದು ಟೈ. ಡಿಸೆಂಬರ್ 2ರಂದು ತವರಲ್ಲೇ ಅರಿಜೋನಾ ಎದುರು ಸೋತ ಕೆಲವೇ ಗಂಟೆಯಲ್ಲಿ ಮೆಕಾರ್ಥಿ ಮನೆಗೆ. ರಿಸೀವರ್‌ಗಳು ಒಬ್ಬೊಬ್ಬರೇ ತಮ್ಮ ಕಾವಲುಗಾರನನ್ನು ಸೋಲಿಸಬೇಕು, ಪ್ಲೇ ಅವರಿಗೆ ಸಹಾಯ ಮಾಡಲ್ಲ ಅಂತ ಅಭಿಮಾನಿಗಳು ಅದಕ್ಕೂ ಮೊದಲಿಂದಲೇ ಗೊಣಗ್ತಾ ಇದ್ದರು. ಮುಂದಿನ ವರ್ಷ ಮ್ಯಾಟ್ ಲಫ್ಲೂರ್ ಬಂದ. ಚೆಂಡು ಎತ್ತುವ ಮುಂಚೆ ಆಟಗಾರರನ್ನು ಅತ್ತಿತ್ತ ಓಡಿಸೋದು, ಓಟದ ಹಾಗೆ ತೋರಿಸಿ ಪಾಸ್ ಎಸೆಯೋದು, ಇವೆಲ್ಲ ಜಾಸ್ತಿಯಾದವು. ಎರಡು ವರ್ಷ ಸತತ 13 ಗೆಲುವು, 3 ಸೋಲು. 2020ರಲ್ಲಿ ರಾಜರ್ಸ್ 48 ಟಚ್‌ಡೌನ್ ಎಸೆದು ಎಂವಿಪಿ, 2021ರಲ್ಲಿ ಮತ್ತೆ ಎಂವಿಪಿ. ಅದೇ ತೋಳು, ಎರಡು ವರ್ಷ ವಯಸ್ಸೂ ಜಾಸ್ತಿ.

ಪೂರ್ತಿ ಪ್ಲೇಯದೇ ಮಹಿಮೆ ಅಂತಲೂ ಅಲ್ಲ. 2019ರಲ್ಲಿ ದುಡ್ಡು ಸುರಿದು ಡಿಫೆನ್ಸಿಗೆ ಜಡೇರಿಯಸ್ ಸ್ಮಿತ್, ಪ್ರೆಸ್ಟನ್ ಸ್ಮಿತ್ ಇಬ್ಬರನ್ನೂ ತಂದಿದ್ದರು. ಕೆಚ್‌ಮನ್ ಇದ್ದಿದ್ದರೆ ಇದನ್ನೇ ಎತ್ತಿ ತೋರಿಸಿರೋರು, ಅದೂ ನ್ಯಾಯವೇ.

ಆದರೆ 2021ರ ಜನವರಿ 24ಕ್ಕೆ ಏನು ಹೇಳೋದು? ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು. ಟ್ಯಾಂಪಾ ಬೇ 31, ಗ್ರೀನ್ ಬೇ 23. ಎರಡು ನಿಮಿಷ ಚಿಲ್ಲರೆ ಬಾಕಿ. ನಾಲ್ಕನೇ ಡೌನ್, ಗೋಲಿಗೆ ಎಂಟು ಗಜ. ಕೈಲಿ ರಾಜರ್ಸ್ ಇದ್ದಾನೆ. ಲಫ್ಲೂರ್ ಕಿಕ್ಕರನ್ನು ಕರೆದ! ಮೂರು ಪಾಯಿಂಟ್ ಬಂತು, 31-26. ಆಮೇಲೂ ಒಂದು ಟಚ್‌ಡೌನ್ ಬೇಕೇ ಬೇಕು, ಚೆಂಡು ಮಾತ್ರ ಟಾಮ್ ಬ್ರೇಡಿ ಕೈಗೆ ಹೋಯ್ತು. ಅದು ವಾಪಸ್ ಬರಲೇ ಇಲ್ಲ. ಟೈಮ್‌ಔಟ್‌ಗಳು ಉಳಿದಿದ್ದವು, ಡಿಫೆನ್ಸ್ ಮೇಲೆ ನಂಬಿಕೆ ಇತ್ತು ಅನ್ನೋ ಸಮಜಾಯಿಷಿ ಕೇಳೋಕೆ ಚೆನ್ನಾಗಿದೆ. ಆದರೆ ಆಟಗಾರನೇ ಎಲ್ಲ ಅನ್ನೋ ಸಿದ್ಧಾಂತ ನಿಜವಾದರೆ, ಆ ವರ್ಷದ ಅತ್ಯುತ್ತಮ ಆಟಗಾರನ ಕೈಯಿಂದ ಚೆಂಡು ಕಿತ್ತುಕೊಂಡಿದ್ದು ಅದಕ್ಕೇ ದ್ರೋಹ ಅಲ್ವಾ? ಅಭಿಮಾನಿ ಕೇಳಿದ್ದು ಇದನ್ನೇ, ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ಇಲ್ಲಿ ಅಭಿಮಾನಿಗೂ ಎರಡು ಮಾತು ಹೇಳಬೇಕು. ಮುಂಚೆ ಟಿವಿಯಲ್ಲಿ ಕಾಣ್ತಿದ್ದುದು ಚೆಂಡಿರೋ ಕಡೆ ಮಾತ್ರ. ದೂರ ಓಡಿದ ರಿಸೀವರ್ ಪರದೆಯ ಆಚೆ. 2012ರಲ್ಲಿ ಎನ್‌ಎಫ್‌ಎಲ್, ಕೋಚ್‌ಗಳು ನೋಡೋ ‘ಆಲ್-22’ ಚಿತ್ರಣವನ್ನು ದುಡ್ಡು ಕೊಟ್ಟವರಿಗೆ ತೆರೆಯಿತು. ಇಪ್ಪತ್ತೆರಡೂ ಜನ ಒಂದೇ ಚೌಕಟ್ಟಲ್ಲಿ. ಅವತ್ತಿಂದ ಪ್ರಶ್ನೆಗಳ ಧ್ವನಿಯೇ ಬದಲಾಯ್ತು: ‘ಎಡಗಡೆ ಒಬ್ಬ ಖಾಲಿ ನಿಂತಿದ್ದ, ಯಾಕೆ ಎಸೀಲಿಲ್ಲ?’ ಖಾಲಿ ನಿಂತಿದ್ದು ಕಾಣುತ್ತೆ, ನಿಜ. ಕ್ವಾರ್ಟರ್‌ಬ್ಯಾಕ್ ಮೊದಲು ಯಾರ ಕಡೆ ನೋಡಬೇಕಿತ್ತು ಅನ್ನೋದು ಕಾಣಲ್ಲ. ಕಳಿಸಿದ ಪ್ಲೇಯನ್ನೇ ಅವನು ಗೆರೆ ಮೇಲೆ ನಿಂತು ಬದಲಿಸಿದನಾ, ರಿಸೀವರ್ ತಪ್ಪು ದಾರಿ ಓಡಿದನಾ, ಇದು ಯಾವ ಕ್ಯಾಮೆರಾಗೂ ಸಿಗಲ್ಲ. ಅದಕ್ಕೇ ಲಾಕರ್ ರೂಮಿಗೆ ಹೋಗಿ ಕೇಳಬಲ್ಲ ಒಬ್ಬ ವರದಿಗಾರ ಬೇಕು. ಅಭಿಮಾನಿಯ ಅಭಿಪ್ರಾಯಕ್ಕೆ ಇನ್ನೊಂದು ಅಭಿಪ್ರಾಯ ಸೇರಿಸೋಕೆ ಅವನು ಬೇಕಾಗಿಲ್ಲ.

ಆ ಅಳತೆಗೋಲಿಟ್ಟು ನೋಡಿದರೆ ತಂಡದ ಅಂಕಣ ಅರ್ಧ ಪಾಸು. ಕೆಚ್‌ಮನ್ ನಂತರ ಅದನ್ನು ನಡೆಸ್ತಾ ಬಂದ ಮೈಕ್ ಸ್ಪಾಫರ್ಡ್, ವೆಸ್ ಹಾಡ್‌ಕೀವಿಚ್ ಇಬ್ಬರೂ ಸಭ್ಯರು, ಪತ್ರ ಬರೆದವರನ್ನು ಬೈಯಲ್ಲ, ನಿಯಮದ ಗೊಂದಲ, ಗಾಯದ ವಿವರ, ಸಂಬಳದ ಮಿತಿಯ ಲೆಕ್ಕ ಚೆನ್ನಾಗಿ ಬಿಡಿಸಿ ಹೇಳ್ತಾರೆ. ಕೋಚಿನ ನಿರ್ಧಾರ ತಪ್ಪು ಅನ್ನೋ ಜಾಗ ಬಂದಾಗ ಮಾತ್ರ ವಾಕ್ಯ ಮೆತ್ತಗಾಗುತ್ತೆ. ಮಿಲ್ವಾಕಿ ಪತ್ರಿಕೆಯಲ್ಲಿದ್ದ ಬಾಬ್ ಮೆಗಿನ್ ದಶಕಗಳ ಕಾಲ ಪ್ರತಿ ಪಂದ್ಯದ ಚಿತ್ರಣ ಮತ್ತೆ ಮತ್ತೆ ನೋಡಿ, ಒಂದೊಂದು ವಿಭಾಗಕ್ಕೂ ಅಂಕ ಹಾಕುತ್ತಿದ್ದರು, ಯಾರು ಯಾವ ಬ್ಲಾಕ್ ತಪ್ಪಿಸಿದ ಅಂತ ಹೆಸರು ಹಿಡಿದು ಬರೀತಿದ್ದರು. ನಿರ್ದಯ ಅನಿಸಿದರೂ ಓದಿದವನಿಗೆ ಮುಂದಿನ ಪಂದ್ಯ ನೋಡೋಕೆ ಕಣ್ಣು ಬರ್ತಿತ್ತು. ಅವರ ಸಂಬಳದ ಚೀಟಿ ತಂಡದಿಂದ ಬರ್ತಿರಲಿಲ್ಲ.

ತಂಡದ ಅಂಕಣ ಗೆದ್ದ ಒಂದು ವಾದ ಉಂಟು, ಅದನ್ನೂ ಹೇಳಿಬಿಡ್ತೀನಿ. ‘ಮೊದಲ ಸುತ್ತಲ್ಲಿ ರಿಸೀವರ್ ಯಾಕೆ ತಗೊಳ್ಳಲ್ಲ?’ 2002ರಲ್ಲಿ ಜಾವನ್ ವಾಕರ್ ಬಂದ ಮೇಲೆ ಇದು ವರ್ಷವರ್ಷದ ಗೋಳು. 2020ರಲ್ಲಂತೂ ಮೊದಲ ಸುತ್ತಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಲವ್‌ನ ತಗೊಂಡಾಗ ಊರೆಲ್ಲ ಬೊಬ್ಬೆ. ವರದಿಗಾರರು ತಾಳ್ಮೆಯಿಂದ ಎರಡನೇ ಸುತ್ತಿನ ಪಟ್ಟಿ ಒಪ್ಪಿಸ್ತಿದ್ದರು: ಗ್ರೆಗ್ ಜೆನ್ನಿಂಗ್ಸ್, ಜಾರ್ಡಿ ನೆಲ್ಸನ್, ರ‍್ಯಾಂಡಲ್ ಕಾಬ್, ಡೇವಾಂಟೆ ಆಡಮ್ಸ್. ಇಂಥ ಪಟ್ಟಿ ಎದುರಿಗಿಟ್ಟರೆ ಗೊಣಗುವವನಿಗೆ ಬಾಯಿ ಇರಲ್ಲ. ಕೊನೆಗೆ 2025ರ ಏಪ್ರಿಲ್‌ನಲ್ಲಿ ಡ್ರಾಫ್ಟ್ ಗ್ರೀನ್ ಬೇಯಲ್ಲೇ ನಡೆದಾಗ, 23ನೇ ಆಯ್ಕೆಯಾಗಿ ಟೆಕ್ಸಸ್‌ನ ಮ್ಯಾಥ್ಯೂ ಗೋಲ್ಡನ್ ಬಂದ. ರಿಸೀವರ್! ಮೈದಾನದ ಹೊರಗೆ ನೆರೆದಿದ್ದ ಮಾಲೀಕರಿಗೆ ಹಬ್ಬ. ಇಪ್ಪತ್ತೆರಡು ವರ್ಷ ಕೇಳಿದ ಪ್ರಶ್ನೆ ಅವತ್ತು ರಾತ್ರಿ ಮುಗೀತು. ಇನ್ನು ಕೇಳೋಕೆ ಉಳಿದಿದ್ದು, ಅವನ ಕಡೆಗೆ ಪಂದ್ಯಕ್ಕೆ ಎಷ್ಟು ಸಲ ಚೆಂಡು ಎಸೀತೀರಿ ಅನ್ನೋದು.