ಗುಂಡಿ, ಪೆನ್ನು, ಪೆಡಲು: ಒಂದು ಪ್ರಶ್ನಾವಳಿಯನ್ನು ಚಿಂಚೋಳಿಯಲ್ಲಿ ಓದಿದಾಗ

ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೂ ಕೈಕಾಲಿನಲ್ಲಿ ಉಳಿದುಬಿಡುವ ಜೋಮು, ಉರಿ, ಚುಚ್ಚಾಟಗಳನ್ನು ಅಳೆಯಲು ಸಂಶೋಧಕರು ಹೆಚ್ಚಾಗಿ ಬಳಸುವ ಕಾಗದಗಳಲ್ಲಿ ಒಂದು ಯುರೋಪಿನದು. ಬ್ರಸೆಲ್ಸಿನಲ್ಲಿ ಕಚೇರಿ ಇರುವ ಇಒಆರ್‌ಟಿಸಿ ಎಂಬ ಸಂಶೋಧನಾ ಸಂಸ್ಥೆಯ ಈ ಪ್ರಶ್ನಾವಳಿ ಪ್ರಕಟವಾದದ್ದು 2005ರಲ್ಲಿ; ಹೆಸರು ಸಿಐಪಿಎನ್-20. ಒಟ್ಟು ಇಪ್ಪತ್ತು ಪ್ರಶ್ನೆ. ಕಳೆದ ಒಂದು ವಾರದಲ್ಲಿ ಬೆರಳು ಜುಮುಗುಟ್ಟಿದವೇ, ಪಾದ ಮರಗಟ್ಟಿತೇ, ಬಿಸಿನೀರು ತಣ್ಣೀರಿನ ಗುರುತು ಹತ್ತಿತೇ, ಪೆನ್ನು ಹಿಡಿಯಲು ತ್ರಾಸಾಯಿತೇ, ಗುಂಡಿ ಹಾಕಿಕೊಳ್ಳಲು ಬಂತೇ ಎಂದು ಕೇಳುತ್ತ ಹೋಗುತ್ತದೆ. ಏನೂ ಇಲ್ಲ ಎನ್ನುವುದರಿಂದ ತುಂಬಾ ಎನ್ನುವವರೆಗೆ ನಾಲ್ಕು ಮೆಟ್ಟಿಲ ಉತ್ತರ. ರೋಗಿಯೇ ಗೀಟು ಹಾಕಬೇಕು.

ಈ ಕಾಗದವನ್ನು ಚಿಂಚೋಳಿ ಎಂಐಡಿಸಿಯಲ್ಲಿಟ್ಟು ಓದಿ ನೋಡಬೇಕು ಅನ್ನುವುದು ನನ್ನ ಹಟ. ಇದು ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲ. ಸೋಲಾಪುರದಿಂದ ಪುಣೆ ಹೆದ್ದಾರಿ ಹಿಡಿದು ಮೋಹೋಳದ ಕಡೆ ಹೊರಟರೆ ಸಿಗುವ ಕೈಗಾರಿಕಾ ವಸಾಹತು: ರಾಸಾಯನಿಕ, ಔಷಧಿಯ ಕಚ್ಚಾಮಾಲು, ಜವಳಿ. ಶಿಫ್ಟು ಬಿಟ್ಟಾಗ ಮರಾಠಿ, ತೆಲುಗು, ಹಿಂದಿಯ ನಡುವೆ ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲೂಕುಗಳ ಕನ್ನಡವೂ ಕಿವಿಗೆ ಬೀಳುತ್ತದೆ. ಕ್ಯಾನ್ಸರ್ ಲೆಕ್ಕ ಇಡುವುದರಲ್ಲಿ ಸೋಲಾಪುರ ಜಿಲ್ಲೆ ಹಿಂದಿಲ್ಲ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಇದೇ ಜಿಲ್ಲೆಯ ಬಾರ್ಶಿಯಲ್ಲಿ, ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆಯ ಆಸರೆಯಲ್ಲಿ. ಪಕ್ಕದ ಉಸ್ಮಾನಾಬಾದ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, 1,31,746 ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ನಡೆದ ಗರ್ಭಕೊರಳಿನ ತಪಾಸಣೆಯ ಅಧ್ಯಯನದಲ್ಲೂ ಬಾರ್ಶಿಯವರದೇ ದುಡಿಮೆ. ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿದರೂ ಸಾವು ಅರ್ಧದಷ್ಟು ಇಳಿಯುತ್ತದೆಂದು 2009ರಲ್ಲಿ ಜಗತ್ತಿಗೆ ತೋರಿಸಿದ್ದು ಅದು. ಎಷ್ಟು ಜನಕ್ಕೆ ಬಂತು, ಎಷ್ಟು ಜನ ಹೋದರು ಎಂಬ ಎರಡು ಲೆಕ್ಕ ಇಲ್ಲಿ ಚೊಕ್ಕ. ಉಳಿದವರ ಬೆರಳು ಏನಾದವು ಎಂಬುದಕ್ಕೆ ನೋಂದಣಿಯಲ್ಲಿ ಕಾಲಮ್ ಇರುವುದಿಲ್ಲ. ನೋಂದಣಿಯ ಕೆಲಸವೂ ಅದಲ್ಲ ಬಿಡಿ.

ಆ ಬೆರಳುಗಳ ಲೆಕ್ಕ ಸಣ್ಣದೇನಲ್ಲ. 31 ಅಧ್ಯಯನಗಳ 4,179 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಬಂದ ವರದಿಯ ಪ್ರಕಾರ, ಕಿಮೋ ಮುಗಿದ ಮೊದಲ ತಿಂಗಳಲ್ಲಿ ಶೇ. 68 ಮಂದಿಗೆ ನರದ ತೊಂದರೆ ಇತ್ತು. ಆರು ತಿಂಗಳು ಕಳೆದ ಮೇಲೂ ಶೇ. 30 ಮಂದಿಗೆ ಅದು ಹೋಗಿರಲಿಲ್ಲ. ಸ್ತನದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ನರತಂತುವಿನೊಳಗೆ ಸಾಮಾನು ಸಾಗಿಸುವ ಸೂಕ್ಷ್ಮ ಕೊಳವೆಗಳನ್ನೇ ಕೆಡಿಸುತ್ತದೆ. ಸೊಂಟದಿಂದ ಕಾಲ್ಬೆರಳ ತುದಿಯವರೆಗಿನ ಒಂದು ಮೀಟರಿನಷ್ಟು ದೂರಕ್ಕೆ ಸರಬರಾಜು ನಿಂತರೆ ಮೊದಲು ಒಣಗುವುದು ತುದಿಯೇ. ಅದಕ್ಕೇ ಕಾಲುಚೀಲ, ಕೈಚೀಲ ಹಾಕಿಕೊಂಡಷ್ಟು ಜಾಗದಲ್ಲಿ ಎರಡೂ ಕಡೆ ಸಮನಾಗಿ ಜೋಮು ಏರುತ್ತದೆ. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್‌ಗಳ ದಾರಿ ಬೇರೆ. ಅವು ಬೆನ್ನುಹುರಿಯ ಪಕ್ಕದಲ್ಲಿರುವ ಸಂವೇದನೆಯ ನರಕೋಶಗಳಿಗೇ ಕೈ ಹಚ್ಚುತ್ತವೆ. ಹೀಗಾಗಿ ಕೊನೆಯ ಸಲೈನ್ ಮುಗಿದು ಮನೆಗೆ ಬಂದ ಮೇಲೂ ಕೆಲವು ತಿಂಗಳು ಜೋಮು ಹೆಚ್ಚುತ್ತಲೇ ಹೋಗಬಹುದು. ಇದನ್ನು ಮೊದಲೇ ಹೇಳಿರದಿದ್ದರೆ ರೋಗ ಮರಳಿ ಬಂತೆಂದೇ ಮನೆಯವರು ಹೆದರುತ್ತಾರೆ.

ಪ್ರಶ್ನಾವಳಿಯ ದೊಡ್ಡ ಗುಣ ಎಂದರೆ ಅದು ರೋಗಿಯ ಮಾತನ್ನೇ ಸಾಕ್ಷಿಯಾಗಿ ಒಪ್ಪಿಕೊಳ್ಳುವುದು. ಇದು ಎಷ್ಟು ಅಪರೂಪ ಎಂದು ತಿಳಿಯಲು ಯಾವುದೇ ಒಪಿಡಿಯ ಬಾಗಿಲಲ್ಲಿ ಅರ್ಧ ದಿನ ಕೂತರೆ ಸಾಕು. ಹೆಂಗಸು "ಕೈಯಾಗ ಇರಿವಿ ಹರದಂಗ ಆಗ್ತದ್ರೀ ಡಾಕ್ಟರ" ಅನ್ನುತ್ತಾಳೆ. ಎನ್‌ಸಿವಿ ಬರೆದುಕೊಡುತ್ತಾರೆ, ಅಂದರೆ ನರದಲ್ಲಿ ವಿದ್ಯುತ್ತು ಎಷ್ಟು ವೇಗವಾಗಿ ಹರಿಯುತ್ತದೆ ಎಂಬ ಪರೀಕ್ಷೆ. ವರದಿ ಬರುತ್ತದೆ. "ರಿಪೋರ್ಟ್ ನಾರ್ಮಲ್ ಅದ ತಾಯಿ, ಟೆನ್ಶನ್ ತಗೋಬ್ಯಾಡ." ಆ ಯಂತ್ರ ಅಳೆಯುವುದು ದಪ್ಪ ನರತಂತುಗಳನ್ನು ಮಾತ್ರ. ಉರಿ, ಚುಚ್ಚು, ಬಿಸಿ, ತಂಪುಗಳನ್ನು ಹೊರುವ ಸಣ್ಣ ತಂತುಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಯಂತ್ರಕ್ಕೆ ಕಾಣದ್ದಕ್ಕೆ ಕಾರಣವಿಲ್ಲದ ತೊಂದರೆ ಎಂದು ಹೆಸರಿಟ್ಟು, ಆಮೇಲೆ ಮನಸ್ಸಿನ ಮೇಲೆ ಹೊರಿಸುವುದು ವೈದ್ಯರ ಸೋಮಾರಿತನವೆಂದೇ ನನ್ನ ಅಭಿಪ್ರಾಯ. ಕೇಳಿ ತಿಳಿಯುವುದರಿಂದ ಏನಾದೀತು ಅನ್ನುವವರಿಗೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಉತ್ತರವಿದೆ. ಅಲ್ಲಿ 766 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ತಮ್ಮ ತೊಂದರೆಗಳನ್ನು ತಾವೇ ನಿಯಮಿತವಾಗಿ ಬರೆದು ತಿಳಿಸಿದವರ ಗುಂಪು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 31.2 ತಿಂಗಳು ಬದುಕಿತು. ಮಾಮೂಲಿ ಭೇಟಿಯಲ್ಲಿ ಹೇಳಿಕೊಂಡಷ್ಟೇ ದಾಖಲಾದವರು 26 ತಿಂಗಳು. ಈ ಫಲಿತಾಂಶ ಬಂದದ್ದು 2017ರಲ್ಲಿ.

ವೈದ್ಯರ ಕೈಯಲ್ಲಿರುವ ಇನ್ನೊಂದು ಅಳತೆಗೋಲು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಿಟಿಸಿಎಇ ದರ್ಜೆಪಟ್ಟಿ. ಅದರ ಮುಂದೆ ಸಿಐಪಿಎನ್-20 ಎಷ್ಟೋ ಮೇಲು. ಪಟ್ಟಿಯ ಲೆಕ್ಕದಲ್ಲಿ ಅಡುಗೆ, ಅಂಗಡಿ, ಫೋನು, ಹಣಕಾಸಿಗೆ ಅಡ್ಡಿಯಾದರೆ ಎರಡನೇ ದರ್ಜೆ. ಸ್ನಾನ, ಊಟ, ಬಟ್ಟೆ, ಶೌಚಕ್ಕೇ ಅಡ್ಡಿಯಾದರೆ ಮೂರನೆಯದು. ಕೂಲಿ ಎಲ್ಲಿ ಹೋಯಿತು? ಕೊನೆಗೊಂದು 'ಇತ್ಯಾದಿ' ಇದೆ, ಬೇಕಿದ್ದರೆ ಅದರೊಳಗೆ ತುರುಕಬಹುದು. ಅಡುಗೆ ಮಾಡಬಲ್ಲ, ಫೋನು ಒತ್ತಬಲ್ಲ, ಆದರೆ ಮಗ್ಗದಲ್ಲಿ ಕಡಿದ ಎಳೆಗೆ ಗಂಟು ಹಾಕಲಾರದ ಕೆಲಸಗಾರ ಈ ಪಟ್ಟಿಯಲ್ಲಿ ಒಂದನೇ ದರ್ಜೆಯ ಅಲ್ಪ ತೊಂದರೆಯವನಾಗುತ್ತಾನೆ. ಔಷಧಿಯ ಪ್ರಮಾಣ ತಗ್ಗಿಸಬೇಕೋ ಬೇಡವೋ ಎಂದು ಎಷ್ಟೋ ಕಡೆ ನಿರ್ಧಾರವಾಗುವುದು ಇದೇ ದರ್ಜೆಯ ಮೇಲೆ.

ಹಾಗೆಂದು ಬ್ರಸೆಲ್ಸಿನ ಕಾಗದಕ್ಕೂ ಪೂರ್ತಿ ಅಂಕ ಕೊಡಲಾರೆ. ಅದರ ಕಣ್ಣ ಮುಂದಿರುವುದು ಅಂಗಿ ತೊಟ್ಟು, ಪೆನ್ನು ಹಿಡಿದು, ಕುರ್ಚಿಯಿಂದ ಎದ್ದು, ಕಾರು ಓಡಿಸುವ ಜೀವ. ಪೆಡಲಿನ ಪ್ರಶ್ನೆ ಕಾರು ಓಡಿಸುವವರಿಗೆ ಮಾತ್ರ. ಉಳಿದವರು ಬಿಟ್ಟು ಮುಂದೆ ಹೋಗಬಹುದು. ಹೊಲಿಗೆ ಯಂತ್ರದ ಪೆಡಲ್ ಒತ್ತುವ ಹೆಣ್ಣುಮಗಳು ಬಿಟ್ಟು ಮುಂದೆ ಹೋಗುವುದೆಲ್ಲಿಗೆ? ಸೋಲಾಪುರ ಚಾದರಕ್ಕೆ, ಟವೆಲ್ಲಿಗೆ ಹೆಸರಾದಷ್ಟೇ ಶಾಲಾ ಸಮವಸ್ತ್ರದ ಹೊಲಿಗೆಗೂ ಹೆಸರಾದ ಊರು. ಇಲ್ಲಿ ಗುಂಡಿ ತೊಡುವುದಕ್ಕಷ್ಟೇ ಅಲ್ಲ, ನೂರುಗಟ್ಟಲೆ ಹಚ್ಚುವುದಕ್ಕೂ ಬೆರಳು ಬೇಕು. ಇಳಕಲ್ ಸೀರೆ ಉಟ್ಟ ಅಕ್ಕಲಕೋಟೆಯ ಹಿರಿಯಳಿಗೆ ಗುಂಡಿಯ ಪ್ರಶ್ನೆ ಕೇಳಿದರೆ ತೊಂದರೆ ಇಲ್ಲ ಎಂದೇ ಗೀಟು ಬೀಳುತ್ತದೆ. ಕುಪ್ಪಸದ ಹುಕ್ಕಿನ ಬಗ್ಗೆ, ನಿರಿಗೆ ಹಿಡಿಯುವುದರ ಬಗ್ಗೆ ಕೇಳಿ, ಉತ್ತರ ಬೇರೆಯಾಗುತ್ತದೆ. ಕುರ್ಚಿಯಿಂದ ಏಳುವ ಪ್ರಶ್ನೆಯದೂ ಇದೇ ಕತೆ, ಏಳಬೇಕಾದದ್ದು ನೆಲದಿಂದ. ಇಪ್ಪತ್ತರಲ್ಲಿ ಇಲ್ಲಿಗೆ ಅಳತೆ ಮಾಡಿ ಹೊಲಿದಂತಿರುವುದು ಬಿಸಿನೀರು ತಣ್ಣೀರಿನ ಪ್ರಶ್ನೆ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿ, ರೊಟ್ಟಿ ಬಡಿದು, ಹಂಚಿನ ಮೇಲೆ ನೀರು ಸವರಿ, ಬೆರಳಲ್ಲೇ ತಿರುವಿಹಾಕುವ ಕೈಗೆ ಶಾಖದ ಅರಿವು ಹೋದರೆ ಸುಟ್ಟದ್ದು ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ.

ಕೇಪ್ಸಿಟಾಬಿನ್ ಎಂಬ ಕಿಮೋ ಮಾತ್ರೆಯ ಸಂಗತಿ ಈ ಕಾಗದದಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಅದು ನರಕ್ಕಿಂತ ಚರ್ಮದ ಕತೆ. ಅಂಗೈ ಅಂಗಾಲು ಕೆಂಪಾಗಿ, ಸಿಪ್ಪೆ ಸುಲಿದು, ಬೆರಳಚ್ಚೇ ಅಳಿಸಿಹೋಗಬಹುದು. ಸಿಂಗಾಪುರದ ರೋಗಿಯೊಬ್ಬರನ್ನು ಬೆರಳಚ್ಚು ಮೂಡಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ತಾಸು ತಡೆದು ಕೂರಿಸಿದ್ದು 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ನಮ್ಮಲ್ಲಿ ಅದೇ ಹೆಬ್ಬೆರಳನ್ನು ರೇಷನ್ ಅಂಗಡಿಯೂ ಕೇಳುತ್ತದೆ, ಕಾರ್ಖಾನೆಯ ಹಾಜರಿ ಯಂತ್ರವೂ ಕೇಳುತ್ತದೆ.

ಕೇಳಿದ ಮೇಲೆ ಏನು? ಇಲ್ಲಿ ನಮ್ಮ ರೂಢಿಯ ಬಗ್ಗೆ ಕಟುವಾಗಿಯೇ ಹೇಳಬೇಕು. ಜೋಮು ಎಂದ ಕೂಡಲೇ ಕೈಗೆ ಬರುವುದು ನರದ ಗುಳಿಗೆಯ ಪಟ್ಟಿ: ಮೀಥೈಲ್‌ಕೋಬಾಲಮಿನ್ ಎಂಬ ಬಿ-12 ಜೀವಸತ್ವ, ಜೊತೆಗೆ ಪ್ರಿಗ್ಯಾಬಲಿನ್ ಅಥವಾ ಗ್ಯಾಬಪೆಂಟಿನ್, ಕೆಲವದರಲ್ಲಿ ಅಸಿಟೈಲ್-ಎಲ್-ಕಾರ್ನಿಟೈನ್. ಈ ಕೊನೆಯದನ್ನು ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಿ ಪಡೆಯುತ್ತಿದ್ದ 409 ಹೆಂಗಸರಲ್ಲಿ ಪರೀಕ್ಷಿಸಿದಾಗ 24 ವಾರಕ್ಕೆ ತೊಂದರೆ ತಗ್ಗುವುದಿರಲಿ, ಹೆಚ್ಚಾಗಿತ್ತು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರ ಮಾರ್ಗಸೂಚಿಯಲ್ಲಿ ಜೋಮು ತಡೆಯಲೆಂದು ಅದನ್ನು ಕೊಡಲೇಬೇಡಿ ಎಂದಿದೆ. ಗ್ಯಾಬಪೆಂಟಿನ್ 2007ರ ಪ್ರಯೋಗದಲ್ಲಿ ಸೋತಿತು. ನೋವಿರುವವರಿಗೆ ಆ ಮಾರ್ಗಸೂಚಿ ಶಿಫಾರಸು ಮಾಡುವುದು ಡುಲೋಕ್ಸಿಟಿನ್ ಒಂದನ್ನೇ. ಅದರ ಗೆಲುವೂ ಸಾಧಾರಣ: 2013ರಲ್ಲಿ ಪ್ರಕಟವಾದ, 231 ರೋಗಿಗಳ ಪ್ರಯೋಗದಲ್ಲಿ ನೋವು ಇಳಿಯಿತೆಂದವರು ಶೇ. 59, ಹುಸಿಗುಳಿಗೆ ನುಂಗಿದವರಲ್ಲೂ ಶೇ. 38. ಬರೀ ಮರಗಟ್ಟಿದ್ದಕ್ಕೆ, ಅಂದರೆ ನೋವಿಲ್ಲದ ಜೋಮಿಗೆ, ಯಾವ ಗುಳಿಗೆಯ ಬಗ್ಗೆಯೂ ಗಟ್ಟಿ ಪುರಾವೆ ಇಲ್ಲ. ಇದನ್ನು ರೋಗಿಗೆ ನೇರವಾಗಿ ಹೇಳುವುದು, ತಿಂಗಳುಗಟ್ಟಲೆ ಪಟ್ಟಿ ಪಟ್ಟಿ ಗುಳಿಗೆ ಕೊಳ್ಳಿಸುವುದಕ್ಕಿಂತ ಮರ್ಯಾದೆಯ ಕೆಲಸ.

ಬಿ-12ರ ಪಕ್ಷ ವಹಿಸಿಯೂ ಒಂದು ಮಾತಿದೆ. ಸಸ್ಯಾಹಾರಿ ಮನೆಗಳಲ್ಲಿ ಅದು ಕಡಿಮೆ ಇರುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದರೆ ಇನ್ನೂ ಇಳಿಯುತ್ತದೆ. ಸಕ್ಕರೆ ಕಾಯಿಲೆ ತಾನೇ ನರ ಕೆಡಿಸುತ್ತದೆ, ದಾರು ಕೆಡಿಸುತ್ತದೆ, ಹೆಕ್ಸೇನಿನಂಥ ದ್ರಾವಕದ ಆವಿಯೂ ಕೆಡಿಸುತ್ತದೆ. ಹೀಗಾಗಿ ರಾಸಾಯನಿಕ ಘಟಕದ ಕೆಲಸಗಾರ ಕಿಮೋ ಮುಗಿಸಿ ಬಂದು ಕಾಲು ಜೋಮು ಎಂದರೆ ಅನುಮಾನಿಸಬೇಕಾದ್ದು ಒಂದನ್ನಲ್ಲ. ಒಂದು ರಕ್ತಪರೀಕ್ಷೆ ಮಾಡಿ, ಬಿ-12 ಕಡಿಮೆ ಇದ್ದರೆ ಕೊಡುವುದು ಚಿಕಿತ್ಸೆ. ನೋಡದೆ ಕೊಡುವುದು ಸಮಾಧಾನ.

ಪ್ರಶ್ನಾವಳಿ ಎಡಗೈಯೋ ಬಲಗೈಯೋ ಎಂದು ಕೇಳುವುದಿಲ್ಲ, ಇದು ಅದರ ನಿಜವಾದ ದೋಷ. ಕಿಮೋದ ಜೋಮು ಎರಡೂ ಕಡೆ ಬರುತ್ತದೆ. ಸ್ತನದ ಶಸ್ತ್ರಚಿಕಿತ್ಸೆಯ ನಂತರ ಒಂದೇ ತೋಳಿನ ಒಳಭಾಗ, ಕಂಕುಳು ಮರಗಟ್ಟಿದರೆ ಅಲ್ಲಿ ಹಾದುಹೋಗುವ ಸಣ್ಣ ನರಕ್ಕೆ ಪೆಟ್ಟು ಬಿದ್ದಿರುತ್ತದೆ. ಡೆನ್ಮಾರ್ಕಿನ 3,253 ಹೆಂಗಸರನ್ನು ಕೇಳಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ. 58 ಮಂದಿಗೆ ಇಂಥ ಸಂವೇದನೆಯ ಏರುಪೇರು ಇತ್ತು, ಶೇ. 47 ಮಂದಿಗೆ ನೋವಿತ್ತು. ಕುತ್ತಿಗೆಗೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿ ಎರಡು ಮೂರು ತಿಂಗಳ ಮೇಲೆ, ತಲೆ ತಗ್ಗಿಸಿದರೆ ಬೆನ್ನಗುಂಟ ಶಾಕ್ ಹೊಡೆದಂತಾಗುವುದುಂಟು; ಸಾಮಾನ್ಯವಾಗಿ ಅದು ತಾನಾಗಿ ಹೋಗುತ್ತದೆ. ಆದರೆ ಒಂದೇ ಕಡೆ ಹೊಸದಾಗಿ ಶುರುವಾಗಿ ಏರುತ್ತಿರುವ ನೋವು, ಕೈಕಾಲಿನ ಬಲ ಕುಗ್ಗುವುದು, ಉಚ್ಚೆಯ ಹಿಡಿತ ತಪ್ಪುವುದು, ಇವು ಕಾಯುವ ಸಂಗತಿಗಳಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ಪರ್ಶ ಸತ್ತ ಕೈ ಎಂದ ಕೂಡಲೇ ಕುಷ್ಠದ ಹೆದರಿಕೆಯೂ ಈ ಸೀಮೆಯಲ್ಲಿದೆ. ಬಿಳಿಚಿದ ಮಚ್ಚೆಯಲ್ಲಿ ಮಾತ್ರ ಸ್ಪರ್ಶ ಇಲ್ಲದಿದ್ದರೆ ಆ ಅನುಮಾನಕ್ಕೆ ಆಧಾರವಿದೆ, ಅದಕ್ಕೆ ಗುಣವಾಗುವ ಚಿಕಿತ್ಸೆಯೂ ಇದೆ.

ಪಾದಗಳ ವಿಷಯದಲ್ಲಿ ಬ್ರಸೆಲ್ಸಿಗೆ ಸೋಲಾಪುರದ ಏಪ್ರಿಲ್ ಗೊತ್ತಿಲ್ಲ. ಉಷ್ಣತೆ 40 ಡಿಗ್ರಿ ದಾಟುವ ಮಧ್ಯಾಹ್ನಗಳು ಇಲ್ಲಿ ಮಾಮೂಲು. ಅಕ್ಕಲಕೋಟೆ ಸ್ವಾಮಿ ಸಮರ್ಥರ ಗುಡಿಗೂ, ಸೋಲಾಪುರದ ಕೆರೆಯ ನಡುವಿನ ಸಿದ್ಧರಾಮೇಶ್ವರನ ಗುಡಿಗೂ ಚಪ್ಪಲಿ ಬಿಟ್ಟೇ ಹೋಗಬೇಕು. ಕಾದ ಹಾಸುಗಲ್ಲು ಅಂಗಾಲಿಗೆ ತಿಳಿಯದವರು ಬೆಳಗಿನ ಹೊತ್ತು ಹೋಗಬೇಕು, ಕಾಲುಚೀಲ ತೊಡಬೇಕು, ರಾತ್ರಿ ಮಲಗುವ ಮುನ್ನ ಪಾದದ ಅಡಿ ನೋಡಿಕೊಳ್ಳಬೇಕು. ನೀರಿನ ಬಿಸಿಯನ್ನು ಬೆರಳಿನ ಬದಲು ಮೊಳಕೈಯಿಂದ ನೋಡಬೇಕು. ಆಕ್ಸಾಲಿಪ್ಲಾಟಿನ್ ಪಡೆದವರದು ಇದರ ತಿರುವುಮುರುವು: ಸಲೈನ್ ಆದ ಮೊದಲ ಕೆಲವು ದಿನ ಕಾರ್ಖಾನೆಯ ಕೂಲರಿನ ನೀರು ಗಂಟಲಿಗೆ ಮುಳ್ಳಾಗುತ್ತದೆ, ತಣ್ಣನೆಯ ಕಬ್ಬಿಣ ಮುಟ್ಟಿದರೆ ಕೈ ಝುಮ್ಮೆನ್ನುತ್ತದೆ.

ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಟ್ಟಿಸಿಕೊಂಡ ಕೆಲಸಗಾರನಿಗೆ ಕ್ಯಾನ್ಸರ್ ವಿಸ್ತೃತ ಕಾಯಿಲೆ ಭತ್ಯೆಯ ಪಟ್ಟಿಯಲ್ಲಿದೆ: ಎರಡು ವರ್ಷ ಸತತ ಕೆಲಸ ಮಾಡಿದ್ದರೆ, ಕೂಲಿಯ ಶೇ. 80ರಂತೆ, ಎರಡು ವರ್ಷದವರೆಗೆ. ಗಡ್ಡೆ ಹೋಯಿತು, ಸ್ಕ್ಯಾನ್ ಸ್ವಚ್ಛ ಎಂದಾದ ಮೇಲೆ ಕೈಗೆ ಬರುವುದು ಫಿಟ್‌ನೆಸ್ ಚೀಟಿ. ಬೆರಳಿನ ಜೋಮಿಗೆ ಅದರಲ್ಲಿ ಜಾಗವಿಲ್ಲ. ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಬಂದ ತಿದ್ದುಪಡಿ ಅಪಾಯಕಾರಿ ಪ್ರಕ್ರಿಯೆಯ ಘಟಕಗಳಲ್ಲಿ ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಆಗಲೇಬೇಕೆಂದಿತು. ಇಪ್ಪತ್ತು ಪ್ರಶ್ನೆಗಳ ಕಾಗದವನ್ನು ಗುಂಡಿ, ಪೆಡಲುಗಳನ್ನು ತಿದ್ದಿ ಅಲ್ಲಿಯೇ ಕೊಡಬಹುದಲ್ಲ ಎನ್ನಿಸುತ್ತದೆ. ಬೇಡ ಎನ್ನುತ್ತೇನೆ. ಸಂಶೋಧನೆಯಲ್ಲಿ ಈ ಕಾಗದ ನಿಜ ನುಡಿಯುವುದು, ಅಲ್ಲಿ ತುಂಬಾ ಎಂದು ಗೀಟು ಹಾಕಿದವನ ಕೂಲಿ ಹೋಗುವುದಿಲ್ಲ ಎಂಬ ಕಾರಣಕ್ಕೆ. ಕಾರ್ಖಾನೆಯ ಗೇಟಿನೊಳಗೆ, ಗುತ್ತಿಗೆದಾರನ ಹಾಜರಿ ಪುಸ್ತಕದ ಪಕ್ಕದಲ್ಲಿ ಅದನ್ನು ತುಂಬಲು ಕೊಟ್ಟರೆ ಇಪ್ಪತ್ತಕ್ಕೆ ಇಪ್ಪತ್ತೂ ಏನೂ ಇಲ್ಲ ಎಂದೇ ಬರುತ್ತದೆ. ಆಸ್ಪತ್ರೆಯಲ್ಲಿ, ಫಾಲೋಅಪ್‌ನ ಸರದಿಗೆ ಕಾಯುವ ಬೆಂಚಿನ ಮೇಲೆ, ಕನ್ನಡ ಬಲ್ಲ ನರ್ಸೊಬ್ಬಳು ಪಕ್ಕದಲ್ಲಿ ಕೂತು ಓದಿಹೇಳಿ ತುಂಬಿಸಿಕೊಳ್ಳಲಿ; ಅದರ ನಕಲು ಮಾಲೀಕನಿಗೆ ಹೋಗದಿರಲಿ.